ಕಂತೆ, ಬೊಂತೆ, ಕೌದಿ

ಕೂಸು ಹುಟ್ಟುವ ಮೊದಲೇ ಉತ್ತರ ಕರ್ನಾಟಕದ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಹಳೇ ಸೀರಿ ಯಾರಿಗೂ ಕೊಡಬ್ಯಾಡ್ರಿ, ಕೂಸಿನ ಕೌದಿಗೆ ಬೇಕಾಗ್ತಾವು.’ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳೆಂದರೆ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಸೋದರತ್ತೆಯ ಗುಳೇದಗುಡ್ಡ ಖಣದ ಕುಪ್ಪಸ ಒಂದೊಂದಾಗಿ ಹೊರಬರುತ್ತವೆ. ಅವನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಕೈಯಿಂದ ಸಾಲುಸಾಲಾಗಿ ಹೊಲಿದರೆ ಆಯಿತು ಕೌದಿ. ಹತ್ತಿ ತುಂಬುವ ಮಾತಿಲ್ಲ, ಬಟ್ಟೆಯ ಹೊಟ್ಟೆಯಲ್ಲಿ ಬಟ್ಟೆಯೇ ಇರುತ್ತದೆ. ಕೂಸಿಗೆ ಅದು ಮೊದಲು ಹಾಸು, ಓಡಾಡುವ ವಯಸ್ಸಿಗೆ ಹೊದಿಕೆ.

ಈ ಒಂದು ವಸ್ತುವಿಗೆ ಕನ್ನಡ ಮೂರು ಹೆಸರು ಇಟ್ಟುಕೊಂಡಿದೆ: ಕಂತೆ, ಬೊಂತೆ, ಕೌದಿ. ಮೂರೂ ಚಿಂದಿ ಬಟ್ಟೆಯಿಂದಲೇ ಹೊರಟವು, ಮೂರರ ಹಣೆಬರಹ ಮಾತ್ರ ಬೇರೆ ಬೇರೆಯಾಯಿತು. ಒಂದು ಸನ್ಯಾಸಿಯ ಹೆಗಲೇರಿ ಸಾವಿನ ಮಾತಾಯಿತು. ಒಂದು ಗಾದೆಗೆ ಸೇರಿಕೊಂಡು ಅಲ್ಲೇ ಉಳಿಯಿತು. ಮೂರನೆಯದು ಸೂಜಿ-ದಾರದ ಜೊತೆಯಲ್ಲೇ ಇದ್ದು, ಇವತ್ತಿಗೂ ತೊಟ್ಟಿಲಲ್ಲಿದೆ.

ಮೊದಲು ಕೌದಿ ಎಂಬ ಮಾತನ್ನೇ ಬಿಚ್ಚಿ ನೋಡೋಣ. ಕವುದಿ ಎಂದೂ ಬರೆಯುತ್ತಾರೆ, ಕೌದಿ ಎಂದೂ ಬರೆಯುತ್ತಾರೆ. ಇದರಲ್ಲಿ ತಪ್ಪು-ಒಪ್ಪಿನ ಪ್ರಶ್ನೆಯಿಲ್ಲ. ಸವುದೆ-ಸೌದೆ, ಸವುಟು-ಸೌಟು, ಹವುದು-ಹೌದು ಎಂಬ ಜೋಡಿಗಳಲ್ಲಿ ‘ಅವು’ ಎಂಬುದು ಬಾಯಲ್ಲಿ ಕರಗಿ ‘ಔ’ ಆಗಿರುವಂತೆಯೇ ಇಲ್ಲಿಯೂ ಆಗಿದೆ. ಹಾಗಾಗಿ ಪದದ ಹಳೆಯ ಮೈಕಟ್ಟು ಹುಡುಕುವವರು ಕವುದಿ ಎಂಬ ರೂಪವನ್ನೇ ಹಿಡಿಯಬೇಕು.

ಕವುದಿಯ ‘ಕವ್’ ಎಂಬ ತುಣುಕು ಕನ್ನಡಿಗರಿಗೆ ಹೊಸದೇನಲ್ಲ. ಮೋಡ ಕವಿಯುತ್ತದೆ, ಕತ್ತಲು ಕವಿಯುತ್ತದೆ, ಮಂಪರು ಕವಿಯುತ್ತದೆ. ಪಾತ್ರೆಯನ್ನು ಕವುಚಿ ಹಾಕುತ್ತೇವೆ. ಪಕ್ಕದ ತಮಿಳಿನಲ್ಲೂ ‘ಕವಿ’ ಎಂದರೆ ಮೇಲಿನಿಂದ ಆವರಿಸುವುದು. ಅಲ್ಲಿನ ಹಳೆಯ ಸಾಹಿತ್ಯದಲ್ಲಿ ಕೊಡೆಗೆ ‘ಕವಿಗೈ’ ಎಂಬ ಹೆಸರಿದೆ. ಮೈಮೇಲೆ ಕವಿಯುವುದು ಕವುದಿ ಎಂಬ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಸಂಸ್ಕೃತದ ‘ಕಂಥಾ’ದಿಂದ ಇದನ್ನು ಎಳೆದು ತರುವವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಕಂಥೆಯಲ್ಲಿ ಇಲ್ಲದ ವಕಾರ ಕವುದಿಗೆ ಎಲ್ಲಿಂದ ಬಂತು? ಉತ್ತರ ಕನ್ನಡದ ಸಿದ್ದಿಯರು ಇದೇ ವಸ್ತುವನ್ನು ‘ಕವಂದಿ’ ಎನ್ನುತ್ತಾರೆ. ಅಲ್ಲಿಯೂ ಆ ವಕಾರ ಗಟ್ಟಿಯಾಗಿ ಕೂತಿದೆ. ಎರಡು ಬೇರೆ ಜನಸಮುದಾಯಗಳ ಬಾಯಲ್ಲಿ ಉಳಿದ ಅಕ್ಷರವನ್ನು ಸುಮ್ಮನೆ ಬದಿಗೆ ತಳ್ಳುವಂತಿಲ್ಲ.

ಕೌದಿಯ ಕಚ್ಚಾಮಾಲಿನ ಹೆಸರಿನಲ್ಲೂ ಒಂದು ಕಥೆಯಿದೆ. ಬಟ್ಟೆಗೆ ನಮ್ಮ ಕಡೆ ಅರಿವೆ ಎನ್ನುತ್ತಾರೆ, ಆಡುಮಾತಿನಲ್ಲಿ ಅರಿಬಿ. ತಮಿಳಿನ ‘ಅಱುವೈ’ ಇದರ ಒಡಹುಟ್ಟು. ‘ಅಱು’ ಎಂದರೆ ಕತ್ತರಿಸು. ಮಗ್ಗದಿಂದ ಕತ್ತರಿಸಿ ತೆಗೆದದ್ದು ಅರಿವೆ. ಕತ್ತರಿಸಿದ್ದಕ್ಕೆ ಒಂದು ಹೆಸರು, ಕತ್ತರಿಸಿದ್ದನ್ನು ಮತ್ತೆ ಕೂಡಿಸಿ ಮೈಮೇಲೆ ಕವಿಸಿದರೆ ಇನ್ನೊಂದು ಹೆಸರು. ನಮ್ಮ ಹಿಂದಿನವರು ಹೆಸರಿಡುವಾಗ ಕೈಯ ಕೆಲಸವನ್ನೇ ನೋಡಿ ಹೆಸರಿಟ್ಟಿದ್ದಾರೆ.

ಇನ್ನು ಕಂತೆ. ಇದು ಸಂಸ್ಕೃತದ ಕಂಥಾ. ಮಾಲಾ ಮಾಲೆಯಾದಂತೆ ಕಂಥಾ ಕಂಥೆಯಾಯಿತು, ಕಥೆ ಕತೆಯಾದಂತೆ ಕಂಥೆ ಕಂತೆಯಾಯಿತು. ಸಂಸ್ಕೃತದಲ್ಲಿ ಈ ಪದ ಹೆಚ್ಚಾಗಿ ಕಾಣುವುದು ವಿರಕ್ತರ ಮೈಮೇಲೆ. ಭರ್ತೃಹರಿಯ ವೈರಾಗ್ಯಶತಕದಲ್ಲಿ ಹರಕು ಕೌಪೀನದ ಜೊತೆಗೆ ಅಷ್ಟೇ ಹರಕಾದ ಕಂಥೆ ಬರುತ್ತದೆ. ಶಂಕರರ ಹೆಸರಿನಲ್ಲಿ ಹಾಡುವ ಭಜಗೋವಿಂದದಲ್ಲಿ ಬೀದಿಯಲ್ಲಿ ಬಿದ್ದ ಚಿಂದಿಗಳಿಂದ ಕಂಥೆ ಮಾಡಿಕೊಂಡ ಯೋಗಿಯೊಬ್ಬನಿದ್ದಾನೆ. ನಾಥಪಂಥದ ಜೋಗಿಗಳ ವೇಷದಲ್ಲೂ ಕಂಥೆಗೆ ಸ್ಥಾನವಿತ್ತು. ಊರು ಬಿಟ್ಟವನು ಊರವರು ಬಿಸಾಕಿದ ಬಟ್ಟೆ ಆಯ್ದು ಹೊಲಿದುಕೊಳ್ಳುತ್ತಾನೆ. ತುಂಡುಗಳು ನೂರು ಮನೆಯವು, ಹೊದ್ದವನಿಗೆ ಮನೆಯಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಪಾಣಿನಿಯ ಅಷ್ಟಾಧ್ಯಾಯಿಯಲ್ಲೂ ಕಂಥಾ ಎಂಬ ಪದವಿದೆ, ಎರಡನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲೂ ನಾಲ್ಕನೆಯ ಅಧ್ಯಾಯದಲ್ಲೂ ಅದು ಸಿಗುತ್ತದೆ. ಅದನ್ನು ಕಂಡವರು ಕೌದಿಯ ಚರಿತ್ರೆ ಪಾಣಿನಿಯವರೆಗೆ ಹೋಯಿತೆಂದು ಹಿಗ್ಗಬಾರದು. ಉಶೀನರ ದೇಶದ ಊರ ಹೆಸರುಗಳ ಕೊನೆಯಲ್ಲಿ ಬರುವ ಆ ಕಂಥಾ ಎಂದರೆ ಊರು, ಪಟ್ಟಣ. ಸಮರ್ಕಂದದ ‘ಕಂದ್’ ಆ ಬಳಗಕ್ಕೆ ಸೇರಿದ್ದು ಎಂದು ವಿದ್ವಾಂಸ ವಾಸುದೇವಶರಣ ಅಗ್ರವಾಲರು ತೋರಿಸಿಕೊಟ್ಟಿದ್ದಾರೆ. ದನಿ ಒಂದೇ ಆದ ಮಾತ್ರಕ್ಕೆ ಮನೆತನ ಒಂದೇ ಆಗುವುದಿಲ್ಲ. ಪದದ ಬೆನ್ನು ಹತ್ತುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ವಿರಕ್ತರ ಜೊತೆ ಓಡಾಡಿದ್ದರಿಂದ ಕಂತೆಗೆ ಕನ್ನಡದಲ್ಲಿ ಒಂದು ವಿಚಿತ್ರ ಬಾಳು ದಕ್ಕಿತು. ಹರಿದ ಬಟ್ಟೆ ಬಿಟ್ಟು ಹೊಸದು ಉಡುವಂತೆ ಜೀವ ದೇಹ ಬದಲಿಸುತ್ತದೆ ಎಂಬ ಗೀತೆಯ ಮಾತು ಎಲ್ಲರಿಗೂ ಗೊತ್ತು. ದೇಹವೇ ಬಟ್ಟೆಯಾದ ಮೇಲೆ ವಿರಕ್ತನ ದೇಹ ಕಂತೆಯಾಗಲೇಬೇಕಲ್ಲ. ಹೀಗೆ ‘ಕಂತೆ ಒಗೆ’ ಎಂದರೆ ಸಾಯುವುದು ಎಂದಾಯಿತು. ಈ ‘ಒಗೆ’ಯನ್ನು ಕೊಂಚ ನಿಂತು ನೋಡಬೇಕು. ನಮ್ಮ ಕಡೆ ಒಗೆ ಎಂದರೆ ಬಟ್ಟೆ ತೊಳೆಯುವುದೂ ಹೌದು, ಎಸೆಯುವುದೂ ಹೌದು. ಮಹಾನವಮಿಗೆ ಮೊದಲು ಊರಿಗೆ ಊರೇ ಹಾಸಿಗೆ-ಹೊದಿಕೆ ಹೊತ್ತು ಹಳ್ಳಕ್ಕೋ ಹೊಳೆಗೋ ಹೋಗುತ್ತದೆ. ನೆನೆದ ಕೌದಿ ಒಬ್ಬರ ಕೈಗೆ ಬಗ್ಗುವುದಿಲ್ಲ. ಆಚೆ ತುದಿ ಒಬ್ಬರು, ಈಚೆ ತುದಿ ಒಬ್ಬರು ಹಿಡಿದು ಹಿಂಡಬೇಕು. ಅಲ್ಲಿ ಕೌದಿ ಒಗೆಯುವುದು ಮುಂದಿನ ವರ್ಷಕ್ಕೆ ಸಜ್ಜು ಮಾಡಿಕೊಳ್ಳುವುದಕ್ಕೆ. ಕಂತೆ ಒಗೆದರೆ ಮುಂದಿನ ವರ್ಷವೇ ಇಲ್ಲ. ಕ್ರಿಯಾಪದ ಒಂದೇ, ಒಂದು ಸಂಸಾರದ ಕಡೆ ತಿರುಗಿತು, ಇನ್ನೊಂದು ಸ್ಮಶಾನದ ಕಡೆ.

ಕಂತೆಯ ಇಳಿಜಾರು ಅಲ್ಲಿಗೇ ನಿಲ್ಲಲಿಲ್ಲ. ಹುಲ್ಲಿನ ಕಂತೆ, ಕಾಗದದ ಕಂತೆ, ನೋಟಿನ ಕಂತೆ ಎನ್ನುವಾಗಿನ ಕಟ್ಟು ಎಂಬ ಅರ್ಥವೂ ಈ ಚಿಂದಿಯ ಅರ್ಥವೂ ಒಂದೇ ದನಿಯಲ್ಲಿ ಬೆರೆತುಹೋದವು. ತಲೆಬುಡವಿಲ್ಲದ ಕಥೆ ಕಂತೆಪುರಾಣವಾಯಿತು. ಗಾಳಿಮಾತು ಅಂತೆ-ಕಂತೆಯಾಯಿತು. ಈಗ ಕಂತೆ ಎಂದರೆ ಹೊದಿಕೆ ನೆನಪಾಗುವ ಕನ್ನಡಿಗರು ವಿರಳ. ನಮ್ಮ ನೆರೆಯಲ್ಲಿ ಹಾಗಾಗಲಿಲ್ಲ. ತಮಿಳಿನ ‘ಕಂದೈ’ ಇಂದಿಗೂ ಹರಕು ಬಟ್ಟೆಯೇ. ಹರಕಾದರೂ ಒಗೆದು ಉಡು ಎಂಬ ಗಾದೆ ಅಲ್ಲಿ ಮನೆಮಾತು. ಹಿಂದಿಯ ‘ಕಥರಿ’ ಬಡವರ ಹಾಸಿಗೆ. ಬಂಗಾಳದಲ್ಲಂತೂ ‘ಕಾಂಥಾ’ ತಲೆಯೆತ್ತಿ ನಿಂತಿತು. ಹಳೆಯ ಸೀರೆಯ ಅಂಚಿನಿಂದ ಬಣ್ಣದ ಎಳೆ ಬಿಡಿಸಿ, ಅದೇ ಎಳೆಯಿಂದ ಹಳೆಯ ಸೀರೆಯ ಮೇಲೆ ಹೂವು, ಮೀನು, ದೋಣಿ, ರಥ ಮೂಡಿಸುವ ಕಲೆ ಅದು. 1929ರಲ್ಲಿ ಕವಿ ಜಸೀಮುದ್ದೀನ್ ಬರೆದ ‘ನಕ್ಷಿ ಕಾಂಥಾರ್ ಮಾಠ್’ ಎಂಬ ಕಥನಕಾವ್ಯದಲ್ಲಿ ಗಂಡ ದೂರವಾದ ಹೆಣ್ಣು ತನ್ನ ಬಾಳನ್ನೆಲ್ಲ ಒಂದು ಕಾಂಥಾದ ಮೇಲೆ ಹೊಲಿದು, ಅದನ್ನು ತನ್ನ ಗೋರಿಯ ಮೇಲೆ ಹಾಸಬೇಕೆಂದು ಕೇಳಿಕೊಳ್ಳುತ್ತಾಳೆ. ಬಂಗಾಳದ ಹೆಂಗಸರು ಕಂಥೆಯನ್ನು ಸನ್ಯಾಸಿಯ ಹೆಗಲಿನಿಂದ ಇಳಿಸಿ ಮನೆಯೊಳಗೆ ತಂದುಕೊಂಡರು. ಕನ್ನಡದಲ್ಲಿ ಮನೆಯೊಳಗೆ ಆಗಲೇ ಬೇರೆ ಹೆಸರು ಇದ್ದದ್ದರಿಂದ ಕಂತೆ ಹೊರಗೇ ಉಳಿಯಿತು ಎಂದು ನನಗೆ ತೋರುತ್ತದೆ.

ಬೊಂತೆಯ ಕಥೆ ಚಿಕ್ಕದು, ಆದರೆ ಅದರೊಳಗೆ ಒಬ್ಬ ಮಹಾತಾಯಿ ಇದ್ದಾಳೆ. ತೆಲುಗಿನಲ್ಲಿ ‘ಬೊಂತ’ ಇಂದಿಗೂ ಜೀವಂತ ಪದ, ಹಳೆಯ ಬಟ್ಟೆಯ ಹೊದಿಕೆಗೆ ಅಲ್ಲಿ ಅದೇ ಹೆಸರು. ಕನ್ನಡದಲ್ಲಿ ಬೊಂತೆ ಎಂದೊಡನೆ ನೆನಪಾಗಬೇಕಾದವಳು ಹನ್ನೆರಡನೆಯ ಶತಮಾನದ ವಚನಕಾರ್ತಿ ಬೊಂತಾದೇವಿ. ಕಾಶ್ಮೀರದ ರಾಜಮನೆತನದವಳು, ಹುಟ್ಟುಹೆಸರು ನಿಜದೇವಿ, ಎಲ್ಲ ತೊರೆದು ದಿಗಂಬರೆಯಾಗಿ ಹೊರಟವಳಿಗೆ ಶಿವನೇ ಒಂದು ಬೊಂತೆ ಹೊದಿಸಿದ, ಅಂದಿನಿಂದ ಬೊಂತಾದೇವಿಯಾದಳು ಎಂದು ಶರಣರ ಕಥೆಗಳು ಹೇಳುತ್ತವೆ. ಅವಳ ವಚನಗಳಲ್ಲಿ ನಮಗೆ ಉಳಿದಿರುವುದು ಕೆಲವೇ; ಅಂಕಿತ ‘ಬಿಡಾಡಿ’. ಎಲ್ಲೆಯಿಲ್ಲದೆ ತಿರುಗುವವನನ್ನು ದೇವರೆಂದು ಕರೆದವಳಿಗೆ ತೇಪೆಯ ಹೊದಿಕೆಯೇ ಹೆಸರಾಯಿತು. ಕನ್ನಡ ಸಾಹಿತ್ಯದಲ್ಲಿ ಒಬ್ಬ ಹೆಣ್ಣುಮಗಳು ತಾನು ಹೊದ್ದ ಬಟ್ಟೆಯ ಹೆಸರಿನಿಂದಲೇ ಶಾಶ್ವತವಾದದ್ದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅಷ್ಟು ಎತ್ತರ ಏರಿದ ಪದ ಈಗ ಸಿಗುವುದು ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ. ಇವನಿಗೆ ಅವನೇ ಸರಿ, ಇದಕ್ಕೆ ಅದೇ ಸರಿ ಎಂದು ಕೊಂಕು ತೆಗೆಯುವಾಗ ಈ ಮಾತು ಬರುತ್ತದೆ. ತೆಲುಗರ ‘ಗಂತಕು ತಗ್ಗ ಬೊಂತ’ವೂ ಇದೇ ಅರ್ಥದ್ದು. ಎರಡು ಭಾಷೆ ಸೇರಿ ಒಂದೇ ಪ್ರಾಸ ಹಿಡಿದಿವೆ. ಪ್ರಾಸ ಇಲ್ಲದಿದ್ದರೆ ಕನ್ನಡದಲ್ಲಿ ಬೊಂತೆ ಇಷ್ಟು ದಿನ ಬಾಳುತ್ತಲೇ ಇರಲಿಲ್ಲ.

ಹೊದಿಕೆಯ ಬಳಗದಲ್ಲಿ ಇನ್ನೂ ಕೆಲವರಿದ್ದಾರೆ. ಹಳಗನ್ನಡದ ಪಚ್ಚಡ ಪಕಾರ ಹಕಾರವಾಗಿ ಹಚ್ಚಡವಾಯಿತು. ದುಪ್ಪಟಿ ಬಡಗಣದ ದುಪಟ್ಟಾದ ನೆಂಟ. ರಜಾಯಿ ಹಿಂದಿಯ ದಾರಿಯಿಂದ ಬಂದದ್ದು. ಮರಾಠಿಯವರು ಕೌದಿಗೆ ಗೋಧಡಿ ಎನ್ನುತ್ತಾರೆ, ಕೊಲ್ಹಾಪುರದ ಸುತ್ತ ವಾಕಳ ಎನ್ನುತ್ತಾರೆ. ಕುರಿಯ ಉಣ್ಣೆಯ ನಾಡಾದ ಚಿತ್ರದುರ್ಗ, ಚಳ್ಳಕೆರೆಯ ಕಡೆ ಕಂಬಳಿಯದೇ ಆಳ್ವಿಕೆ. ಕೌದಿ ಎಂಬ ಮಾತು ದಟ್ಟವಾಗಿ ಕೇಳುವುದು ಎರೆಮಣ್ಣಿನ ಹತ್ತಿಯ ಸೀಮೆಯಲ್ಲಿ, ಕೈಮಗ್ಗದ ನೂಲಿನ ಸೀರೆ ಉಟ್ಟು ಹರಿದ ಊರುಗಳಲ್ಲಿ. ಹತ್ತಿಯ ಸೀರೆ ಹಳತಾದಷ್ಟೂ ಮೆತ್ತಗಾಗುತ್ತದೆ, ಅದಕ್ಕೇ ಅದು ಕೌದಿಗೆ ಬಂದದ್ದು.

ಮೆತ್ತಗಿನ ಮಾತು ಬಂದಿತು, ಕೂಸಿನ ಕೌದಿಯ ಹತ್ತಿರ ಕೂತು ನೋಡೋಣ. ನಮ್ಮಲ್ಲಿ ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ, ಹಳೆಯ ಬಟ್ಟೆಯಲ್ಲೇ ಸುತ್ತುತ್ತಾರೆ. ಶಾಸ್ತ್ರ ಎನ್ನಿ, ಜಾಣತನ ಎನ್ನಿ. ಗಂಜಿ ಹಾಕಿದ ಹೊಸ ಬಟ್ಟೆ ಎಳೆಯ ಚರ್ಮಕ್ಕೆ ಚುಚ್ಚುತ್ತದೆ. ಕೌದಿ ಹೊಲಿಯುವವರಿಗೂ ಇದೇ ನಿಯಮ. ಮೊದಲು ಸೀರೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕುತ್ತಾರೆ. ಜರಿಯಿದ್ದರೆ ದಡಿಯನ್ನೇ ಕತ್ತರಿಸಿ ತೆಗೆಯುತ್ತಾರೆ. ಕುಪ್ಪಸದ ಹುಕ್ಕು, ಅಂಗಿಯ ಗುಂಡಿ ಒಂದೂ ಉಳಿಯದಂತೆ ಕೈಯಾಡಿಸಿ ನೋಡುತ್ತಾರೆ. ತಳಕ್ಕೆ ಮೆತ್ತನೆಯ ಧೋತರ, ನಡುವೆ ಸೀರೆಯ ಪದರಗಳು, ಮೇಲೆ ಖಣದ ಬಣ್ಣದ ತುಂಡುಗಳು. ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ಭಾರ ಇಟ್ಟು ಸುಕ್ಕು ಬಿಡಿಸುತ್ತಾರೆ. ಆಮೇಲೆ ಅಂಚನ್ನು ಒಳಕ್ಕೆ ಮಡಚಿ, ಅಂಚಿನಿಂದಲೇ ಮೊದಲ ಸಾಲು ಶುರು. ಬಲಗೈಯ ಸೂಜಿ ನಾಲ್ಕೈದು ಹೊಲಿಗೆಯನ್ನು ಒಟ್ಟಿಗೆ ಏರಿಸಿಕೊಂಡು ದಾರ ಎಳೆಯುತ್ತದೆ, ಎಡಗೈ ಅಡಿಯಲ್ಲಿದ್ದು ಪದರ ಸರಿಯದಂತೆ ಕಾಯುತ್ತದೆ. ಸಾಲು ತೀರ ದೂರವಾದರೆ ಒಗೆತಕ್ಕೆ ಒಳಗಿನ ಬಟ್ಟೆ ಸರಿದು ಉಂಡೆಯಾಗುತ್ತದೆ, ತೀರ ಒತ್ತಾದರೆ ಹೊದಿಕೆ ಬಿರುಸಾಗುತ್ತದೆ. ದಾರ ಮುಗಿದಲ್ಲಿ ಗಂಟನ್ನು ಮೇಲೆ ಬಿಡದೆ ಎರಡು ಪದರದ ನಡುವೆ ಎಳೆದು ಮುಚ್ಚುತ್ತಾರೆ, ಕೂಸಿನ ಬೆನ್ನಿಗೆ ಒತ್ತಬಾರದಲ್ಲ. ದೊಡ್ಡವರ ಕೌದಿಯಲ್ಲಿ ಗಂಟು ಎಲ್ಲಿದ್ದರೂ ನಡೆಯುತ್ತದೆ, ಕೂಸಿನ ಕೌದಿಯಲ್ಲಿ ಗಂಟು ಕಂಡರೆ ಹಿರಿಯರು ಬಿಚ್ಚಿಸಿ ಮತ್ತೆ ಹೊಲಿಸುತ್ತಾರೆ. ‘ಯವ್ವಾ, ನಿನ್ನ ಕೈಗೆ ಹತ್ತಿದ್ದು ಅದರ ಮೈಗೆ ಹತ್ತೂದಿಲ್ಲೇನ?’ ಎಂಬ ಒಂದೇ ಮಾತು ಸಾಕು, ಸೂಜಿ ಹಿಂದಕ್ಕೆ ಬರುತ್ತದೆ.

ಮನೆಯವರಿಗೆ ಪುರುಸೊತ್ತು ಇಲ್ಲದಲ್ಲಿ ಹೊಲಿದುಕೊಡುವವರಿದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಅಂಬಾಭವಾನಿಯ ಹಾಡು ಹೇಳುವ ಗೊಂದಳಿಗರ ಮನೆಯ ಹೆಣ್ಣುಮಕ್ಕಳು ಊರೂರು ತಿರುಗಿ, ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಕೂತು ಕೌದಿ ಹೊಲಿಯುತ್ತ ಬಂದವರು. ಕೌದಿ ಎಂಬ ಪದವನ್ನು ಊರಿಂದೂರಿಗೆ ಹೊತ್ತು ತಿರುಗಿದ್ದು ಅವರ ಕಾಲು ಮತ್ತು ಅವರ ಕೂಗು. ಶಾಸನ, ಕಾವ್ಯಗಳಲ್ಲಿ ಮಾತ್ರ ಪದದ ಚರಿತ್ರೆ ಹುಡುಕುವವರು ಈ ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಅನ್ಯಾಯ.

ಸಿದ್ದಿಯರ ಕವಂದಿಗೆ ಬರೋಣ. ಆಫ್ರಿಕಾದಿಂದ ಬಂದ ಪೂರ್ವಿಕರ ಈ ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಹಳ್ಳಿಗಳಲ್ಲಿ ನೆಲೆಸಿದ್ದಾರೆ. ಅವರ ಕವಂದಿಯೂ ಹಳೆಯ ಸೀರೆಯ ತಳದ ಮೇಲೆ ಏಳುತ್ತದೆ, ಆದರೆ ತುಂಡು ಜೋಡಿಸುವ ರೀತಿ ಬೇರೆ. ಒಂದು ಮೂಲೆಯಲ್ಲಿ ಆರಂಭಿಸಿ ಅಂಚಿನ ಉದ್ದಕ್ಕೂ ತುಂಡುಗಳನ್ನು ಮಡಚಿ ಹೊಲಿಯುತ್ತ, ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬರುತ್ತಾರೆ. ಮೊದಲೇ ಗೀಚಿಕೊಂಡ ನಕ್ಷೆಯಿಲ್ಲ. ಮುಂದಿನ ತುಂಡು ಯಾವುದೆಂದು ಹಿಂದಿನ ತುಂಡು ಹೇಳಬೇಕು. ಮಕ್ಕಳ ಕವಂದಿಯಲ್ಲಿ ಸಣ್ಣ ಸಣ್ಣ ಬಣ್ಣದ ತುಂಡುಗಳು ಹೆಚ್ಚು. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ ಕಾಣುವುದುಂಟು. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿಯುತ್ತಾರೆ, ಅದಕ್ಕೆ ‘ಫೂಲ’ ಎನ್ನುತ್ತಾರೆ, ಹೂವು. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂಅಲ್ ಇವರ ನಡುವೆ ಓಡಾಡಿ ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿಯರ ಕವಂದಿಗಳ ಪ್ರದರ್ಶನ ನಡೆಯಿತು. ಇವತ್ತು ಬೇರೆ ದೇಶಗಳಲ್ಲಿ ಇದೇ ರೀತಿ ಹೊಲಿಯುವವರು ಅದನ್ನು ‘ಕವಂದಿ’ ಎಂದೇ ಕರೆಯುತ್ತಾರೆ. ಉತ್ತರ ಕನ್ನಡದ ಕಾಡಂಚಿನ ಪದ ತನ್ನ ಹೆಸರು ಬದಲಿಸಿಕೊಳ್ಳದೆ ಕಡಲು ದಾಟಿತು.

ಇಲ್ಲಿ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಪೇಟೆಯಲ್ಲಿ ಮಗುವಿನ ಹೊದಿಕೆ ಕೇಳಿದರೆ ‘ಬೇಬಿ ಕ್ವಿಲ್ಟ್’ ತೋರಿಸುತ್ತಾರೆ, ಕೌದಿಯನ್ನೇ ತಂದು ‘ಪ್ಯಾಚ್‌ವರ್ಕ್’ ಎಂದು ಮಾರುತ್ತಾರೆ. ಹೆಸರು ಹೋಗುವ ಮೊದಲು ವಸ್ತು ಹೋಗುತ್ತಿದೆ ಎಂಬುದನ್ನೂ ಒಪ್ಪಬೇಕು. ಮನೆಯಲ್ಲಿ ಹತ್ತಿಯ ಸೀರೆ ಉಡುವವರು ಕಡಿಮೆಯಾದರು. ಪಾಲಿಯೆಸ್ಟರ್ ಸೀರೆ ಹರಿಯುವುದಿಲ್ಲ, ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಯಡಿ ಜಾರುತ್ತದೆ. ಸೊಲ್ಲಾಪುರದ ಚಾದರ, ಪಾನಿಪತ್ತಿನ ಬ್ಲಾಂಕೆಟ್ಟು ಕಡಿಮೆ ದುಡ್ಡಿಗೆ ಮನೆ ಬಾಗಿಲಿಗೇ ಬರುತ್ತವೆ. ದಿನಗಟ್ಟಲೆ ಬೆನ್ನು ಬಗ್ಗಿಸಿ ಹೊಲಿದವಳಿಗೆ ತಕ್ಕ ಕೂಲಿ ಕೊಡಲು ಮಾತ್ರ ಯಾರಿಗೂ ಮನಸ್ಸಿಲ್ಲ. ಕೌದಿ ಉಳಿಯಬೇಕೆಂದು ಭಾಷಣ ಮಾಡುವವರು ಮೊದಲು ಈ ಕೂಲಿಯ ಮಾತು ಆಡಬೇಕು.

ಓದುಗರಲ್ಲಿ ನನ್ನದೊಂದು ಕೇಳಿಕೆಯಿದೆ. ಕೌದಿಗೆ ಸಂಬಂಧಿಸಿದ ಮಾತುಗಳಲ್ಲಿ ಹೆಚ್ಚಿನವು ಇನ್ನೂ ನಿಘಂಟಿಗೆ ಬಂದಿಲ್ಲ. ಅಂಚಿನ ಮೊದಲ ಸಾಲಿಗೆ, ಮೂಲೆಯ ತ್ರಿಕೋನಕ್ಕೆ, ನಡುವಿನ ಪದರಕ್ಕೆ, ಕೂಸಿನ ಅಳತೆಗೆ, ಹೊಲಿಗೆಯ ಒಂದೊಂದು ಬಗೆಗೆ ಊರೂರಲ್ಲಿ ಹೆಸರುಗಳಿವೆ. ಅವು ಹಿರಿಯ ಹೆಂಗಸರ ಬಾಯಲ್ಲಷ್ಟೇ ಇವೆ. ನಿಮ್ಮ ಅವ್ವ, ಅಜ್ಜಿ, ದೊಡ್ಡವ್ವ ಕೌದಿ ಹೊಲಿದವರಾಗಿದ್ದರೆ, ಮನೆಯ ಕೌದಿಯನ್ನು ಅವರ ಮುಂದೆ ಹಾಸಿ, ಒಂದೊಂದು ಕಡೆ ಬೆರಳಿಟ್ಟು ‘ಇದಕ್ಕ ಏನಂತಾರ?’ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಉಚ್ಚಾರದಲ್ಲೇ, ಊರಿನ ಹೆಸರು ಸಮೇತ ಬರೆದಿಡಿ.